ಹಳೇ ಲ್ಯಾಪ್‌ಟಾಪು, ಹೊಸ ರ‍್ಯಾಮು: ಸ್ವಲ್ಪ ಇತಿಹಾಸ

ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರು. ವಿಂಡೋಸ್ 11 ಬೇಕು ಅಂದ್ರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಇರಬೇಕು ಅನ್ನೋ ಷರತ್ತು ಬೇರೆ. ಹಾಗಾಗಿ 2017ಕ್ಕಿಂತ ಹಿಂದಿನ ಲ್ಯಾಪ್‌ಟಾಪುಗಳು ಬಹುಮಟ್ಟಿಗೆ ಎಲ್ಲವೂ ಒಂದೇ ದಿನದಲ್ಲಿ 'ಹಳೇ ಸಾಮಾನು' ಆಗಿಬಿಟ್ಟವು. ಆವತ್ತಿನಿಂದ ನೆಂಟರು, ಗೆಳೆಯರು ಎಲ್ಲರದ್ದೂ ಒಂದೇ ಪ್ರಶ್ನೆ: "ಚೆನ್ನಾಗೇ ಇದೆ ಕಣೋ, ಬಿಸಾಕೋಕೆ ಮನಸ್ಸು ಬರಲ್ಲ. ರ‍್ಯಾಮ್ ಜಾಸ್ತಿ ಮಾಡಿ, ಒಂದು ಎಸ್‌ಎಸ್‌ಡಿ ಹಾಕಿದ್ರೆ ಓಡುತ್ತಾ?"

ಓಡುತ್ತೆ. (ಲಿನಕ್ಸ್ ಹಾಕಿಕೊಂಡ್ರೆ ಇನ್ನೂ ಚೆನ್ನಾಗಿ ಓಡುತ್ತೆ, ಅದು ಬೇರೆ ಪೋಸ್ಟಿನ ಮಾತು.) ಆದರೆ ಯಾವ ರ‍್ಯಾಮ್, ಯಾವ ಎಸ್‌ಎಸ್‌ಡಿ? ಅಂಗಡಿಯಲ್ಲಿ ನೋಡಿದರೆ ಎಲ್ಲ ಒಂದೇ ಥರ ಹಸಿರು ಪಟ್ಟಿಗಳು, ಅದರ ಮೇಲೆ ಕಪ್ಪು ಚಿಪ್ಪುಗಳು. ಒಂದು ಕೂರುತ್ತೆ, ಇನ್ನೊಂದು ಕೂರಲ್ಲ, ಮತ್ತೊಂದು ಕೂತರೂ ಕೆಲಸ ಮಾಡಲ್ಲ. ಇದಕ್ಕೆಲ್ಲ ಕಾರಣ ಏನು ಅಂತ ಹುಡುಕುತ್ತಾ ಹೋದರೆ ಪ್ರತಿಯೊಂದು 'ಕೂರಲ್ಲ'ದ ಹಿಂದೆಯೂ ಒಂದು ಇಸವಿ ಸಿಗುತ್ತೆ. ನಿಮ್ಮ ಲ್ಯಾಪ್‌ಟಾಪ್ ಹುಟ್ಟಿದ ವರ್ಷ ಗೊತ್ತಿದ್ದರೆ ಅದರ ಜಾತಕವನ್ನ ಅರ್ಧ ಬರೆದುಬಿಡಬಹುದು. ಹಾಗಾಗಿ ಇವತ್ತು ಸ್ವಲ್ಪ ಇತಿಹಾಸ ಕೊರೆಯುತ್ತೇನೆ, ಸಹಿಸಿಕೊಳ್ಳಿ :-)

90ರ ದಶಕದ ಶುರುವಿನಲ್ಲಿ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸೋದು ಅಂದ್ರೆ ಶ್ರೀಮಂತರ ವ್ಯವಹಾರ. ಒಬ್ಬೊಬ್ಬ ಕಂಪನಿಯವನದ್ದೂ ಒಂದೊಂದು ಆಕಾರ. 1991ರ ಆಪಲ್ ಪವರ್‌ಬುಕ್‌ಗಳಿಗೆ ಅವರದ್ದೇ ಕಾರ್ಡು, ತೊಷಿಬಾಕ್ಕೆ ತೊಷಿಬಾದ್ದೇ ಕಾರ್ಡು. ಆ ಕಾಲದ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಕ್ರೆಡಿಟ್ ಕಾರ್ಡಿನ ಹಾಗಿದ್ದ 88 ಪಿನ್ನಿನ ಮೆಮೊರಿ ಕಾರ್ಡನ್ನ ತೂರಿಸಬೇಕಿತ್ತು. ಕಂಪನಿ ಆ ಮಾಡೆಲ್ ನಿಲ್ಲಿಸಿತು ಅಂದ್ರೆ ನಿಮ್ಮ ರ‍್ಯಾಮೂ ಅಲ್ಲಿಗೆ ನಿಂತ ಹಾಗೆ.

ಇದನ್ನ ತಪ್ಪಿಸಿದ್ದು ಜೆಡೆಕ್ ಅನ್ನೋ ಸಂಸ್ಥೆ. ಚಿಪ್ಪು ಮಾಡುವವರು, ಕೊಳ್ಳುವವರು ಎಲ್ಲರೂ ಒಂದು ಕಡೆ ಕೂತು "ಇಷ್ಟು ಉದ್ದ, ಇಷ್ಟು ಪಿನ್ನು, ಇಷ್ಟು ವೋಲ್ಟು" ಅಂತ ಒಪ್ಪಂದಕ್ಕೆ ಬರುವ ಜಾಗ ಅದು. ಡೆಸ್ಕ್‌ಟಾಪಿನ ರ‍್ಯಾಮ್ ಪಟ್ಟಿಯ ಅರ್ಧದಷ್ಟು ಉದ್ದದ, ಸುಮಾರು ಏಳು ಸೆಂಟಿಮೀಟರಿನ ಪಟ್ಟಿಗೆ ಎಸ್‌ಓ-ಡಿಮ್ ಅಂತ ಹೆಸರಿಟ್ಟರು. ಮೊದಲು 72 ಪಿನ್ನಿನದು ಬಂತು, ಆಮೇಲೆ 144 ಪಿನ್ನಿನದು. ಅಲ್ಲಿಂದ ಮುಂದೆ ಯಾರ ಲ್ಯಾಪ್‌ಟಾಪಿಗೆ ಯಾರ ರ‍್ಯಾಮ್ ಬೇಕಾದ್ರೂ ಹಾಕುವ ಕಾಲ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬ್ರ್ಯಾಂಡಿನ ಮುಖ ನೋಡದೆ ರ‍್ಯಾಮ್ ಕೊಂಡುಕೊಳ್ಳೋಕೆ ಆಗಿದ್ದು ಈ ಒಪ್ಪಂದದಿಂದಲೇ.

ಮುಂದಿನ ಕಥೆ ತಲೆಮಾರುಗಳದ್ದು. ಡಿಡಿಆರ್ ಮಾನಕ ಪ್ರಕಟವಾಗಿದ್ದು 2000ದಲ್ಲಿ, ಡಿಡಿಆರ್2 2003ರಲ್ಲಿ, ಡಿಡಿಆರ್3 2007ರಲ್ಲಿ, ಡಿಡಿಆರ್4 2012ರಲ್ಲಿ, ಡಿಡಿಆರ್5 2020ರಲ್ಲಿ. ಮಾನಕ ಬಂದ ಮೇಲೆ ಸಾಮಾನ್ಯರ ಲ್ಯಾಪ್‌ಟಾಪಿಗೆ ಇಳಿಯೋಕೆ ಒಂದೆರಡು ವರ್ಷವೋ ಮೂರು ವರ್ಷವೋ ಹಿಡಿಯುತ್ತೆ. ಪ್ರತಿ ಸಲವೂ ವೋಲ್ಟೇಜ್ ಇಳಿಯುತ್ತಾ ಬಂತು: 2.5, 1.8, 1.5, 1.2, ಈಗ 1.1. ಬ್ಯಾಟರಿಯಲ್ಲಿ ಓಡುವ ಯಂತ್ರಕ್ಕೆ ಇದು ಒಳ್ಳೇದೇ. ಆದರೆ 1.8 ವೋಲ್ಟಿನ ಪಟ್ಟಿಯನ್ನ 2.5 ವೋಲ್ಟಿನ ಸ್ಲಾಟಿಗೆ ಹಾಕಿದರೆ ಗತಿ ಏನು? ಅದಕ್ಕೇ ಪಟ್ಟಿಯ ಕೆಳಗಿನ ಅಂಚಿನಲ್ಲಿ ಒಂದು ಕಚ್ಚು ಇಟ್ಟಿದ್ದಾರೆ. ಆ ಕಚ್ಚಿಗೆ ಸರಿಯಾಗಿ ಸ್ಲಾಟಿನಲ್ಲಿ ಒಂದು ಉಬ್ಬು. ಎರಡೂ ಹೊಂದಿದರೆ ಮಾತ್ರ ಪಟ್ಟಿ ಒಳಗೆ ಹೋಗುತ್ತೆ.

ಇಲ್ಲೊಂದು ಪೇಚಿದೆ. ಡಿಡಿಆರ್ ಮತ್ತು ಡಿಡಿಆರ್2 ಎರಡರ ಲ್ಯಾಪ್‌ಟಾಪ್ ಪಟ್ಟಿಗೂ 200 ಪಿನ್ನೇ. ಕಚ್ಚಿನ ಜಾಗ ಮಾತ್ರ ಕೂದಲೆಳೆಯಷ್ಟು ಆಚೀಚೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. 2005-06ರ ಲ್ಯಾಪ್‌ಟಾಪಿಗೆ ರ‍್ಯಾಮ್ ತರುವವರು ಪಿನ್ ಎಣಿಸಿ ಪ್ರಯೋಜನವಿಲ್ಲ, ಚೀಟಿ ಓದಬೇಕು. ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262 ಪಿನ್ ಇರೋದರಿಂದ ಆಮೇಲಿನ ತಲೆಮಾರುಗಳಲ್ಲಿ ಈ ತಂಟೆ ಇಲ್ಲ.

ಚೀಟಿ ಅಂದೆನಲ್ಲ, ಅದರ ಮೇಲೆ 'ಪಿಸಿ2-5300', 'ಪಿಸಿ3-12800' ಅಂತೆಲ್ಲ ಬರೆದಿರುತ್ತೆ. ದೊಡ್ಡ ಗುಟ್ಟೇನಲ್ಲ. 667ನ್ನ 8ರಿಂದ ಗುಣಿಸಿದರೆ 5300 ಚಿಲ್ಲರೆ, 1600ನ್ನ 8ರಿಂದ ಗುಣಿಸಿದರೆ 12800. ಅಂದ್ರೆ ಒಂದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಸಾಗಿಸಬಲ್ಲದು ಅನ್ನೋ ಲೆಕ್ಕ. 'ಪಿಸಿ' ಪಕ್ಕದ ಅಂಕಿ ತಲೆಮಾರು. ತಲೆಮಾರು ಹೊಂದಲೇಬೇಕು, ವೇಗ ಹೊಂದದಿದ್ದರೆ ಸಾಮಾನ್ಯವಾಗಿ ನಡೆಯುತ್ತೆ. ಪ್ರತಿ ಪಟ್ಟಿಯ ಮೇಲೂ ಒಂದು ಪುಟ್ಟ ಚಿಪ್ಪಿನಲ್ಲಿ "ನಾನು ಇಂಥವನು, ಇಷ್ಟು ವೇಗದಲ್ಲಿ ಓಡಬಲ್ಲೆ" ಅಂತ ಬರೆದಿರುತ್ತೆ, ಮದರ್‌ಬೋರ್ಡು ಅದನ್ನ ಓದಿ ಇಬ್ಬರಲ್ಲಿ ನಿಧಾನದವನ ವೇಗಕ್ಕೆ ಇಬ್ಬರನ್ನೂ ಕಟ್ಟಿಹಾಕುತ್ತೆ.

ಕಚ್ಚು ಕೂಡ ಕಾಪಾಡದ ಜಾಗ ಒಂದಿದೆ, ಇದನ್ನ ದಯವಿಟ್ಟು ನೆನಪಿಡಿ. 2010ರಲ್ಲಿ ಜೆಡೆಕ್‌ನವರು ಡಿಡಿಆರ್3ಕ್ಕೆ ಒಬ್ಬ ತಮ್ಮನನ್ನ ತಂದರು: ಡಿಡಿಆರ್3ಎಲ್. 1.5ರ ಬದಲು 1.35 ವೋಲ್ಟು. ಅದೇ 204 ಪಿನ್ನು, ಕಚ್ಚೂ ಅದೇ ಜಾಗದಲ್ಲಿ! ತಮ್ಮ ಎರಡೂ ಮನೆಯಲ್ಲಿ ಹೊಂದಿಕೊಳ್ಳುತ್ತಾನೆ, 1.5 ವೋಲ್ಟ್ ಕೊಟ್ಟರೂ ಓಡುತ್ತಾನೆ. ಅಣ್ಣನಿಗೆ ಮಾತ್ರ 1.35 ಸಾಲದು. 2013ರಲ್ಲಿ ಇಂಟೆಲ್‌ನ ನಾಲ್ಕನೇ ತಲೆಮಾರು ಬಂತಲ್ಲ, ಅದರ ಲ್ಯಾಪ್‌ಟಾಪ್ ಪ್ರೊಸೆಸರುಗಳು 1.35 ವೋಲ್ಟಿನ ರ‍್ಯಾಮನ್ನ ಮಾತ್ರ ಒಪ್ಪುತ್ತವೆ. ಅದಕ್ಕೆ ಹಳೇ ಡಿಡಿಆರ್3 ಹಾಕಿದರೆ ಸಲೀಸಾಗಿ ಕೂರುತ್ತೆ, ಪರದೆ ಮಾತ್ರ ಹೊತ್ತಿಕೊಳ್ಳಲ್ಲ. "ರ‍್ಯಾಮ್ ಡೆಡ್ ಸಾರ್" ಅಂತ ವಾಪಸ್ ಬರುವ ಎಷ್ಟೋ ಪಟ್ಟಿಗಳು ಸತ್ತಿರಲ್ಲ, ತಪ್ಪು ಮನೆಗೆ ಹೋಗಿರುತ್ತವೆ ಅಷ್ಟೇ. ನಿಮ್ಮದು ಡಿಡಿಆರ್3 ಕಾಲದ ಲ್ಯಾಪ್‌ಟಾಪ್ ಆಗಿದ್ದರೆ ಕಣ್ಣುಮುಚ್ಚಿ 'ಎಲ್' ಇರೋದನ್ನೇ ಕೇಳಿ ತಗೊಳ್ಳಿ.

2015-16ರ ಆರನೇ ತಲೆಮಾರಿನಲ್ಲಿ ಇನ್ನೊಂದು ಎಡವಟ್ಟು. ಆ ಪ್ರೊಸೆಸರುಗಳು ಡಿಡಿಆರ್3ಎಲ್ ಮತ್ತು ಡಿಡಿಆರ್4 ಎರಡನ್ನೂ ಒಪ್ಪುತ್ತವೆ, ಯಾವ ಸ್ಲಾಟ್ ಕೂರಿಸಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡಿದವನ ಇಷ್ಟ. ಮುಂದೆ ಅಂಟಿಸಿರುವ 'ಐ5' ಸ್ಟಿಕರ್ ನೋಡಿ ರ‍್ಯಾಮ್ ತರೋಕೆ ಆಗಲ್ಲ, ಹಿಂದಿನ ಮುಚ್ಚಳ ಬಿಚ್ಚಲೇಬೇಕು.

ಸರಿ, ಆಕಾರ ಹೊಂದಿತು, ವೋಲ್ಟೇಜ್ ಹೊಂದಿತು. ಈಗ ನನಗೆ ಬಹಳ ಇಷ್ಟವಾದ ಕಥೆಗೆ ಬರೋಣ: ಎಷ್ಟು ಜಿಬಿ?

2006ರ ಶುರುವಿನಲ್ಲಿ ಇಂಟೆಲ್ 945 ಅನ್ನೋ ಲ್ಯಾಪ್‌ಟಾಪ್ ಚಿಪ್‌ಸೆಟ್ ತಂದಿತು. ಅದೇ ವರ್ಷ ಕೋರ್ 2 ಡ್ಯುಯೋ ಪ್ರೊಸೆಸರೂ ಬಂತು. ಪ್ರೊಸೆಸರು 64 ಬಿಟ್ಟಿನದು, ಎಷ್ಟು ರ‍್ಯಾಮ್ ಕೊಟ್ಟರೂ ನುಂಗುವ ಶಕ್ತಿ ಇದ್ದದ್ದು. ಆದರೆ ರ‍್ಯಾಮಿಗೂ ಅದಕ್ಕೂ ನಡುವೆ ಕೂತಿದ್ದ ಚಿಪ್‌ಸೆಟ್ಟಿಗೆ ಎಣಿಸೋಕೆ ಬರ್ತಿದ್ದದ್ದು 32 ಬಿಟ್ ವಿಳಾಸ ಮಾತ್ರ. 32 ಬಿಟ್ ಅಂದ್ರೆ ಒಟ್ಟು 4 ಜಿಬಿ ವಿಳಾಸ. "ಹಾಗಾದ್ರೆ 4 ಜಿಬಿ ಹಾಕಬಹುದಲ್ಲ?" ಹಾಕಬಹುದು. ಕಾಣಿಸೋದು ಮಾತ್ರ ಮೂರು, ಮೂರೂ ಚಿಲ್ಲರೆ.

ಯಾಕೆ ಅಂದ್ರೆ, ನಾಲ್ಕು ಸಾವಿರ ಡೋರ್ ನಂಬರ್ ಇರುವ ಒಂದು ಬಡಾವಣೆ ಅಂದುಕೊಳ್ಳಿ. ಮನೆ ಕಟ್ಟೋಕೆ ಮುಂಚೆಯೇ ಕೊನೆಯ ಕೆಲವು ನೂರು ನಂಬರುಗಳನ್ನ ಪಾರ್ಕು, ನೀರಿನ ಟ್ಯಾಂಕು, ಪೋಸ್ಟಾಫೀಸಿಗೆ ಅಂತ ಎತ್ತಿಟ್ಟಿದ್ದಾರೆ. ಗ್ರಾಫಿಕ್ಸ್, ನೆಟ್‌ವರ್ಕ್ ಕಾರ್ಡು, ಬಯಾಸ್ ಇವೆಲ್ಲ ಆ ಪಾರ್ಕು ಟ್ಯಾಂಕುಗಳು. ಈಗ ನೀವು ನಾಲ್ಕು ಸಾವಿರ ಮನೆ ಕಟ್ಟಿಸಿದರೂ ಕೊನೆಯ ಮನೆಗಳಿಗೆ ನಂಬರೇ ಇಲ್ಲ. ಮನೆ ಇದೆ, ಬಾಡಿಗೆದಾರರು ಇಲ್ಲ, ಪೋಸ್ಟ್‌ಮ್ಯಾನ್ ಆ ಕಡೆ ಬರೋದೂ ಇಲ್ಲ. ಥಿಂಕ್‌ಪ್ಯಾಡ್ ಟಿ60 ಇಟ್ಟುಕೊಂಡವರು, 2006ರ ಕೊನೆಯ ಮ್ಯಾಕ್‌ಬುಕ್ ಪ್ರೊ ಇಟ್ಟುಕೊಂಡವರು ಎಲ್ಲರೂ ಈ 3 ಜಿಬಿ ಗೋಡೆಗೆ ತಲೆ ಚಚ್ಚಿಕೊಂಡವರೇ. 64 ಬಿಟ್ ವಿಂಡೋಸ್ ಹಾಕಿದರೂ, ಲಿನಕ್ಸ್ ಹಾಕಿದರೂ ಆ ಗೋಡೆ ಒಡೆಯಲ್ಲ, ಯಾಕಂದ್ರೆ ಅದು ಸಾಫ್ಟ್‌ವೇರಿನ ಗೋಡೆ ಅಲ್ಲ.

2007ರ ಮೇನಲ್ಲಿ 965 ಚಿಪ್‌ಸೆಟ್ ಬಂತು, ಗೋಡೆ ಬಿತ್ತು. ಟಿ61 ಅದರದ್ದು. ಹೊರಗಿನಿಂದ ನೋಡಿದರೆ ಟಿ60, ಟಿ61 ಅಣ್ಣತಮ್ಮಂದಿರ ಹಾಗಿವೆ, ಎರಡಕ್ಕೂ ಡಿಡಿಆರ್2 ರ‍್ಯಾಮೇ. ಆದರೆ ಟಿ61ಕ್ಕೆ 8 ಜಿಬಿ ಹಾಕಬಹುದು. ಮಜಾ ಏನು ಗೊತ್ತಾ? ಕಂಪನಿಯ ಕಾಗದದಲ್ಲಿ ಟಿ61ಕ್ಕೆ ಗರಿಷ್ಠ 4 ಜಿಬಿ ಅಂತಲೇ ಇತ್ತು. ಆ ಕಾಗದ ಬರೆಯುವ ದಿನ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದ ದೊಡ್ಡ ಪಟ್ಟಿ 2 ಜಿಬಿಯದು, ಸ್ಲಾಟು ಎರಡು, ಗುಣಿಸಿ ಬರೆದರು. ಆಮೇಲೆ 4 ಜಿಬಿ ಪಟ್ಟಿ ಬಂದಾಗ ಯಾರೂ ಹಳೇ ಕಾಗದ ತಿದ್ದೋಕೆ ಹೋಗಲಿಲ್ಲ. 2012ರ ಮಧ್ಯದಲ್ಲಿ ಬಂದ ಮಾಮೂಲಿ ಮ್ಯಾಕ್‌ಬುಕ್ ಪ್ರೊ ಕಥೆಯೂ ಇದೇ: ಕಾಗದದಲ್ಲಿ 8, ನಿಜದಲ್ಲಿ 16.

ಹಾಗಾಗಿ 'ಗರಿಷ್ಠ' ಅನ್ನೋ ಪದ ಓದುವಾಗ ಅದನ್ನ ಹೇಳುತ್ತಿರುವವರು ಯಾರು ಅಂತ ನೋಡಬೇಕು. ಕಂಪನಿಯ ಕೈಪಿಡಿ ಹೇಳಿದರೆ ಅದು ಆ ದಿನದ ಮಾತು. ಚಿಪ್‌ಸೆಟ್ ಅಥವಾ ಪ್ರೊಸೆಸರಿನ ಪಟ್ಟಿ ಹೇಳಿದರೆ ಹೆಚ್ಚಿನ ಪಾಲು ಕೊನೇ ಮಾತು. (2010ರ ಹೊತ್ತಿಗೆ ರ‍್ಯಾಮನ್ನ ನೋಡಿಕೊಳ್ಳುವ ಕೆಲಸ ಚಿಪ್‌ಸೆಟ್ಟಿನಿಂದ ಪ್ರೊಸೆಸರಿಗೇ ಹೋಗಿತ್ತು.) ಮೊದಲ ತಲೆಮಾರಿನ ಐ3, ಐ5 ಲ್ಯಾಪ್‌ಟಾಪುಗಳಿಗೆ 8 ಜಿಬಿಯೇ ಕೊನೆ, ಅದೂ 4+4. ಅದಕ್ಕೆ 8 ಜಿಬಿಯ ಒಂದೇ ಪಟ್ಟಿ ತಂದರೆ ಅಷ್ಟು ದೊಡ್ಡ ಚಿಪ್ಪುಗಳನ್ನ ಓದೋಕೆ ಅದಕ್ಕೆ ಬರಲ್ಲ. ಮರುವರ್ಷದ ಎರಡನೇ ತಲೆಮಾರಿನವು 8+8ನ್ನ ಸಲೀಸಾಗಿ ತಗೊಳ್ಳುತ್ತವೆ. ಒಂದೇ ಒಂದು ವರ್ಷದ ಅಂತರ ನೋಡಿ!

ರ‍್ಯಾಮಿನದು ಇಷ್ಟು. ಡಿಸ್ಕಿನ ಇತಿಹಾಸ ಇದಕ್ಕಿಂತ ಸ್ವಲ್ಪ ಕರುಣೆಯದು.

ಲ್ಯಾಪ್‌ಟಾಪಿನ 2.5 ಇಂಚಿನ ಹಾರ್ಡ್ ಡಿಸ್ಕ್ ಹುಟ್ಟಿದ್ದು 1988ರಲ್ಲಿ. ಅಮೆರಿಕದ ಪ್ರೇರಿಟೆಕ್ ಅನ್ನೋ ಕಂಪನಿ ಮಾಡಿದ್ದು, 20 ಎಂಬಿ! ಆ ಅಗಲ ಇವತ್ತಿಗೂ ಹಾಗೇ ಉಳಿದಿದೆ. ದಪ್ಪ ಮಾತ್ರ ಇಳಿಯುತ್ತಾ ಬಂದು 12.5, 9.5, 7 ಮಿಲಿಮೀಟರ್ ಆಯಿತು. ಇಂದಿನ ಎಸ್‌ಎಸ್‌ಡಿಗಳು 7 ಮಿ.ಮೀ., ಹಾಗಾಗಿ ಹಳೇ ಗೂಡಿಗೆ ಲೊಡಲೊಡ ಅಂದರೂ ಕೂರುತ್ತವೆ. ಉಲ್ಟಾ ಆಗಲ್ಲ: 2011ರ ಥಿಂಕ್‌ಪ್ಯಾಡ್ ಎಕ್ಸ್220ರ ಗೂಡಿಗೆ 9.5ರ ಡಿಸ್ಕ್ ಹೋಗಲ್ಲ.

2000ದ ದಶಕದ ನಡುವಿನವರೆಗೂ ಲ್ಯಾಪ್‌ಟಾಪಿನ ಡಿಸ್ಕಿಗೆ 44 ಪಿನ್ನಿನ ಐಡಿಇ ಸಂಪರ್ಕ, ಡೆಸ್ಕ್‌ಟಾಪಿನ 40 ಪಿನ್ನಿನ ತಮ್ಮ. ಅದರಲ್ಲೂ ಒಂದು ಗೋಡೆ ಇತ್ತು. ಡಿಸ್ಕಿನ ವಿಳಾಸಕ್ಕೆ 28 ಬಿಟ್, ಒಂದೊಂದು ತುಂಡು 512 ಬೈಟ್, ಗುಣಿಸಿದರೆ 137 ಜಿಬಿ. 2002ರ ಹೊತ್ತಿಗೆ ಅದನ್ನ 48 ಬಿಟ್ ಮಾಡಿದರು. ಅದಕ್ಕೂ ಹಿಂದಿನ ಬಯಾಸ್ ಇರುವ ಲ್ಯಾಪ್‌ಟಾಪಿಗೆ ದೊಡ್ಡ ಡಿಸ್ಕ್ ಹಾಕೋದು ದುಡ್ಡು ದಂಡ. ಅಷ್ಟು ಹಳೇದನ್ನ ಯಾರು ಇಟ್ಟುಕೊಂಡಿದ್ದಾರೆ ಅಂತೀರಾ? ಇದ್ದಾರೆ! ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನ ಒಂದು ಸಣ್ಣ ಅಡಾಪ್ಟರ್ ಹಾಕಿ ಡಿಸ್ಕ್ ಥರ ಬಳಸುತ್ತಾರೆ, ಏಕೆಂದರೆ ಆ ಕಾರ್ಡ್ ಒಳಗೊಳಗೇ ಐಡಿಇ ಭಾಷೆಯನ್ನೇ ಮಾತಾಡುತ್ತೆ.

2003ರಲ್ಲಿ ಶುರುವಾದ ಸಾಟಾ ಲ್ಯಾಪ್‌ಟಾಪಿಗೂ ಬಂದಮೇಲೆ ಗೊಂದಲ ಮುಗಿಯಿತು. ನನ್ನ ಲೆಕ್ಕದಲ್ಲಿ ಕಂಪ್ಯೂಟರ್ ಇತಿಹಾಸದ ಅತ್ಯಂತ ಸಜ್ಜನ ಮಾನಕ ಇದು. 1.5, 3, 6 ಗಿಗಾಬಿಟ್ ಅಂತ ಮೂರು ವೇಗ ಬಂದರೂ ಸಂಪರ್ಕ ಒಂದೇ, ಹೊಸದು ಹಳೇದರ ಜೊತೆ ಜಗಳ ಆಡಲ್ಲ. 2006ರ ಲ್ಯಾಪ್‌ಟಾಪಿಗೆ ಇವತ್ತಿನ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೂ ಓಡುತ್ತೆ. "ಆದರೆ ಹಳೇ ಸಾಟಾದಲ್ಲಿ ಪೂರ್ತಿ ವೇಗ ಸಿಗಲ್ವಲ್ಲ" ಅಂತ ಕೊರಗಬೇಡಿ. 5400 ಸುತ್ತಿನ ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗೋಕೇ 11 ಮಿಲಿಸೆಕೆಂಡ್ ಬೇಕು, ಓದುವ ಮುಳ್ಳು ಸರಿದು ಬರೋಕೆ ಇನ್ನಷ್ಟು. ಎಸ್‌ಎಸ್‌ಡಿಗೆ ತಿರುಗೋದೂ ಇಲ್ಲ, ಸರಿಯೋದೂ ಇಲ್ಲ, ಮಿಲಿಸೆಕೆಂಡಿನ ಒಂದು ಚೂರಿನಲ್ಲಿ ಕೆಲಸ ಮುಗಿಯುತ್ತೆ. ಲ್ಯಾಪ್‌ಟಾಪ್ 'ಎದ್ದೇಳೋಕೆ' ತಗೊಳ್ಳುವ ಸಮಯ ಪೂರ್ತಿ ಇದರಲ್ಲೇ ಇರೋದು. 4 ಜಿಬಿ ರ‍್ಯಾಮ್ ಇದ್ದು, ಒಂದಕ್ಕೆ ಮಾತ್ರ ದುಡ್ಡಿದೆ ಅಂದ್ರೆ ನನ್ನ ಓಟು ಎಸ್‌ಎಸ್‌ಡಿಗೆ.

ಎಸ್‌ಎಸ್‌ಡಿ ಸಾಮಾನ್ಯರ ಕೈಗೆ ಬರೋಕೆ ಹೊತ್ತಾಯಿತು. 2006ರಲ್ಲಿ ಸ್ಯಾಮ್‌ಸಂಗ್ 32 ಜಿಬಿಯದನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ಮಾರಿತು. 2008ರಲ್ಲಿ ಇಂಟೆಲ್ 80 ಜಿಬಿಯ ಎಕ್ಸ್25-ಎಂ ತಂದಿತು. ಅಳಿಸಿದ ಜಾಗವನ್ನ ಎಸ್‌ಎಸ್‌ಡಿಗೆ ತಿಳಿಸುವ 'ಟ್ರಿಮ್' ಅನ್ನೋ ಸೌಲಭ್ಯ ವಿಂಡೋಸ್‌ಗೆ ಬಂದಿದ್ದು 2009ರ ವಿಂಡೋಸ್ 7ರಲ್ಲಿ. ಎಕ್ಸ್‌ಪಿಗೆ ಅದು ಇಲ್ಲ, ಅದರಲ್ಲಿ ಎಸ್‌ಎಸ್‌ಡಿ ದಿನ ಕಳೆದ ಹಾಗೆ ಮಂಕಾಗಬಹುದು.

ಆಮೇಲೆ ಡಿಸ್ಕಿನ ಆಕಾರವೇ ಕರಗಿತು, ಮತ್ತೆ ಗೊಂದಲ ಶುರು. 2009ರಲ್ಲಿ ಎಂಸಾಟಾ ಅಂತ ಬಂತು, ವೈಫೈ ಕಾರ್ಡಿನ ಸ್ಲಾಟಿನ ಹಾಗೇ ಕಾಣುವ ಸ್ಲಾಟು. ಕಂಡ ಮಾತ್ರಕ್ಕೆ ಎಲ್ಲದರಲ್ಲೂ ನಡೆಯಲ್ಲ. ಎಕ್ಸ್220, ಟಿ420ರಲ್ಲಿ ಸಿಮ್ ಕಾರ್ಡಿನ ಮೋಡೆಮ್ ಹಾಕುವ ಜಾಗದಲ್ಲಿ ಎಂಸಾಟಾ ಓಡುತ್ತೆ, ಪಕ್ಕದ ವೈಫೈ ಸ್ಲಾಟಿನಲ್ಲಿ ಓಡಲ್ಲ. 2013ರ ಸುಮಾರಿಗೆ ಅದರ ಜಾಗಕ್ಕೆ ಎಂ.2 ಬಂತು. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಇದ್ದರೆ 2280, ಗಿಡ್ಡದು 2242. ಅದೇ ಎಂ.2 ಆಕಾರದೊಳಗೆ ಎರಡು ಭಾಷೆ: ಹಳೇ ಸಾಟಾ, ಹೊಸ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. 2013-15ರ ಬಹಳ ಲ್ಯಾಪ್‌ಟಾಪುಗಳ ಎಂ.2 ಸ್ಲಾಟಿಗೆ ಸಾಟಾ ಮಾತ್ರ ಬರುತ್ತೆ. ಇವತ್ತು ಅಂಗಡಿಯಲ್ಲಿ ಸುಲಭವಾಗಿ ಸಿಗೋದು ಎನ್‌ವಿಎಂಇ. ಅಂಗಡಿಯವರು "ಎಂ.2 ಅಲ್ವಾ ಸಾರ್, ಇದೇ" ಅಂತ ಕೊಡುವ ಮುಂಚೆ "ಸಾಟಾನಾ, ಎನ್‌ವಿಎಂಇನಾ?" ಅಂತ ಕೇಳಿ.

ಇಷ್ಟೆಲ್ಲ ಹೊಂದಾಣಿಕೆಯ ಚಿಂತೆ ಮಾಡೋಕೆ ಮುಂಚೆ ಸ್ಲಾಟ್ ಅನ್ನೋದು ಇರಬೇಕಲ್ಲ. 2008ರ ಜನವರಿಯಲ್ಲಿ ಆಪಲ್ ಮ್ಯಾಕ್‌ಬುಕ್ ಏರ್ ತಂದಾಗ ಅದರಲ್ಲಿ 2 ಜಿಬಿ ರ‍್ಯಾಮನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿತ್ತು. 2012ರ ಜೂನ್ 11 ಇನ್ನೂ ಸ್ವಾರಸ್ಯದ ದಿನ. ಒಂದೇ ದಿನ ಎರಡು ಮ್ಯಾಕ್‌ಬುಕ್ ಪ್ರೊ ಬಂದವು. ಒಂದು ಮೇಲೆ ಹೇಳಿದ ಮಾಮೂಲಿಯದು, ಹಿಂದಿನ ಮುಚ್ಚಳ ಬಿಚ್ಚಿದರೆ ಎರಡು ಸ್ಲಾಟು, ಒಂದು ಸಾಟಾ ಡಿಸ್ಕು. ಇನ್ನೊಂದು ರೆಟಿನಾ ಪರದೆಯದು, ರ‍್ಯಾಮ್ ಬೆಸುಗೆ, ಎಸ್‌ಎಸ್‌ಡಿ ಆಪಲ್‌ನದೇ ಆಕಾರ. 1991ರ ಪವರ್‌ಬುಕ್ ಕಾಲಕ್ಕೇ ವಾಪಸ್! ಮಾಮೂಲಿಯದನ್ನ 2016ರವರೆಗೂ ಮಾರಿದರು, ಗೆದ್ದದ್ದು ಮಾತ್ರ ಇನ್ನೊಂದು. ಬೇರೆ ಕಂಪನಿಗಳೂ ಅದನ್ನೇ ಹಿಡಿದವು.

ಎಲ್ಲವೂ ದುರಾಸೆ ಅಂತ ಹೇಳೋಕೆ ಆಗಲ್ಲ. ಫೋನಿಗಾಗಿ ಮಾಡಿದ ಎಲ್‌ಪಿಡಿಡಿಆರ್ ರ‍್ಯಾಮ್ ಬಹಳ ಕಡಿಮೆ ಕರೆಂಟು ತಿನ್ನುತ್ತೆ, ಅಷ್ಟು ವೇಗದ ಸಂಕೇತ ಸ್ಲಾಟು ದಾಟಿ ಉದ್ದದ ದಾರಿ ಸಾಗುವಾಗ ಕೆಡುತ್ತೆ. ಹತ್ತಿರ ಬೆಸುಗೆ ಹಾಕೋದಕ್ಕೆ ಅದು ನಿಜವಾದ ಕಾರಣ. ಆದರೆ ಅದೇ ನೆಪದಲ್ಲಿ 8 ಜಿಬಿಗೂ 16 ಜಿಬಿಗೂ ನಡುವೆ ಕಂಪನಿ ಕೇಳಿದಷ್ಟು ಬೆಲೆ ಕೊಡುವುದು ನಮ್ಮ ಪಾಲಿಗೆ ಬಂತು, ಅದೂ ಕೊಳ್ಳುವ ದಿನವೇ.

ದಾರಿ ಇಲ್ಲದೆ ಇಲ್ಲ. ಡೆಲ್‌ನವರು 2022ರಲ್ಲಿ ಸ್ಲಾಟಿಗೆ ತೂರಿಸುವ ಬದಲು ಚಪ್ಪಟೆಯಾಗಿ ಮಲಗಿಸಿ ಸ್ಕ್ರೂ ಹಾಕಿ ಬಿಗಿಯುವ ಕ್ಯಾಮ್ ಅನ್ನೋ ರ‍್ಯಾಮ್ ತಂದರು. ಜೆಡೆಕ್ 2023ರ ಡಿಸೆಂಬರಿನಲ್ಲಿ ಅದನ್ನ ಕ್ಯಾಮ್2 ಅಂತ ಎಲ್ಲರ ಮಾನಕ ಮಾಡಿತು. 2024ರಲ್ಲಿ ಬಂದ ಥಿಂಕ್‌ಪ್ಯಾಡ್ ಪಿ1ರಲ್ಲಿ ಎಲ್‌ಪಿಡಿಡಿಆರ್ ರ‍್ಯಾಮ್ ಹೀಗೆ ಬಿಚ್ಚಿ ಹಾಕುವ ರೂಪದಲ್ಲೇ ಇದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು.

ಅಷ್ಟರಲ್ಲಿ ಇನ್ನೊಂದು ಹೊಡೆತ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡು ರ‍್ಯಾಮಿನ ಬೆಲೆ ಗಗನಕ್ಕೇರಿತು. ಯಾವ ಲ್ಯಾಪ್‌ಟಾಪಿಗೆ ಯಾವ ರ‍್ಯಾಮ್ ಅಂತ ಪಟ್ಟಿ ಕೊಡುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಘೋಷಿಸಿತು. ಹಾಗಾಗಿ ಹಳೇ ಲ್ಯಾಪ್‌ಟಾಪಿನವರಿಗೆ ನಾನು ಹೇಳೋದು ಕಳಚಿದ ಮಾಲನ್ನ ಹುಡುಕಿ ಅಂತ. ಪರದೆ ಒಡೆದು ಗುಜರಿಗೆ ಹೋದ 2012-16ರ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಡಿಡಿಆರ್3ಎಲ್ ಪಟ್ಟಿಗಳು ರಿಪೇರಿ ಅಂಗಡಿಗಳಲ್ಲಿ ಸಿಗುತ್ತವೆ. ರ‍್ಯಾಮಿನಲ್ಲಿ ತಿರುಗುವ ಭಾಗ ಇಲ್ಲ, ಸವೆಯೋದೂ ಇಲ್ಲವೇ ಇಲ್ಲ ಅನ್ನಬಹುದು, ಸೆಕೆಂಡ್ ಹ್ಯಾಂಡ್ ಅಂತ ಹೆದರಬೇಕಿಲ್ಲ. ಎಸ್‌ಎಸ್‌ಡಿ ಮಾತ್ರ ಬರೆದಷ್ಟೂ ಸವೆಯುತ್ತೆ, ಅದನ್ನ ಹೊಸದೇ ತಗೊಳ್ಳಿ. ಹೋಗುವಾಗ ಒಳಗಿರುವ ಹಳೇ ಪಟ್ಟಿಯ ಚೀಟಿಯ ಫೋಟೋ ಫೋನಿನಲ್ಲಿರಲಿ, ಪ್ರೊಸೆಸರಿನ ಪೂರ್ತಿ ನಂಬರೂ ಬರೆದುಕೊಂಡಿರಿ. ಬರೀ 'ಐ5' ಅಂದ್ರೆ ಯಾರಿಗೂ ಏನೂ ಗೊತ್ತಾಗಲ್ಲ.